ಕಾಡು ಕಾಯುವವರ ಮನೆಯಲ್ಲೂ ಮಕ್ಕಳಿದ್ದಾರೆ

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಮಕ್ಕಳನ್ನು ಅವರ ತಂದೆಯ ಕೆಲಸದ ಬಗ್ಗೆ ಕೇಳುತ್ತಿದ್ದೆ. ಅಂಗಡಿ, ತೋಟ, ಆಟೋ, ಗಾರೆ ಕೆಲಸ ಎಂದು ಒಬ್ಬೊಬ್ಬರೂ ಹೇಳುತ್ತಾ ಬಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮಪ್ಪ ನಡೀತಾರೆ ಸಾರ್" ಎಂದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ವಿಚಾರಿಸಿದಾಗ ಆಕೆಯ ತಂದೆ ಅರಣ್ಯ ಇಲಾಖೆಯ ಗಸ್ತು ವನಪಾಲಕರೆಂದು ತಿಳಿಯಿತು. ಮಗು ಹೇಳಿದ್ದು ನಿಜವೇ ಆಗಿತ್ತು. ಅವರ ಕೆಲಸದ ಬಹುಪಾಲು ನಡಿಗೆಯೇ.

ಅರಣ್ಯ ಸಿಬ್ಬಂದಿ ಎಂದೊಡನೆ ನಮಗೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಹಲಸಿಗೆ ಹೆಸರಾದ ನಮ್ಮ ಚೇಳೂರಿನಂಥ ಊರಿಗೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ತುಮಕೂರು ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ ನಿಜ. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ಕೃಷ್ಣಮೃಗಗಳಿಗಾಗಿ 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರಗಳ ವನ್ಯಜೀವಿ ಧಾಮವಾಯಿತು. ಇನ್ನು ಚಿರತೆ, ಕರಡಿಗಳಿಗೆ ನಮ್ಮ ಕಲ್ಲುಗುಡ್ಡಗಳೇ ಮನೆ. ಅವುಗಳಿಗೆ ಬೇಲಿಯೂ ಇಲ್ಲ, ಗಡಿಯೂ ಇಲ್ಲ.

ಆ ಕರಾಳ ತಿಂಗಳುಗಳು

2019ರ ಕೊನೆಯಿಂದ 2020ರ ಆರಂಭದವರೆಗಿನ ದಿನಗಳನ್ನು ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ತಾಯಂದಿರು ಮರೆತಿರಲಾರರು. ಮೊದಲು ಹಿರಿಯರು ಚಿರತೆಗೆ ಬಲಿಯಾದರು. 2020ರ ಜನವರಿಯಲ್ಲಿ ನಮ್ಮದೇ ತಾಲ್ಲೂಕಿನ ಮಣಿಕುಪ್ಪೆಯಲ್ಲಿ ಐದು ವರ್ಷದ ಬಾಲಕ ಹೋದ. ಫೆಬ್ರವರಿ ಕೊನೆಗೆ ಹೆಬ್ಬೂರು ಹೋಬಳಿಯ ಬೈಚೇನಹಳ್ಳಿಯಲ್ಲಿ ಮೂರು ವರ್ಷದ ಹೆಣ್ಣುಮಗು ಹೋಯಿತು. ಸಂಜೆಯಾದರೆ ಮಕ್ಕಳನ್ನು ಒಳಗೆ ಕೂಡಿ ಚಿಲಕ ಹಾಕುವ ಪರಿಸ್ಥಿತಿ.

ಜನರ ಸಿಟ್ಟೆಲ್ಲ ತಿರುಗಿದ್ದು ಅರಣ್ಯ ಸಿಬ್ಬಂದಿಯ ಮೇಲೆ. ಮಗುವನ್ನು ಕಳೆದುಕೊಂಡವರ ಸಿಟ್ಟನ್ನು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ರಾತ್ರಿಗಳಲ್ಲಿ ನಾವು ಬಾಗಿಲು ಮುಚ್ಚಿ ಮಲಗಿದ್ದಾಗ ಬಾಗಿಲ ಹೊರಗೆ ಟಾರ್ಚು ಹಿಡಿದು ತಿರುಗುತ್ತಿದ್ದವರು ಯಾರೆಂದು ಯೋಚಿಸಿದ್ದೀರಾ?

ದಿನವಿಡೀ ಏನು ಮಾಡುತ್ತಾರೆ?

ಪ್ರತಿಯೊಬ್ಬ ಗಸ್ತು ವನಪಾಲಕರಿಗೂ ಒಂದು ಪ್ರದೇಶ ವಹಿಸಿರುತ್ತಾರೆ. ಅದೇ ಅವರ ಗಸ್ತು. ಅಲ್ಲಿ ಮರ ಕಡಿದಿದ್ದಾರೆಯೇ, ಶ್ರೀಗಂಧಕ್ಕೆ ಕೊಡಲಿ ಬಿದ್ದಿದೆಯೇ, ಕಾಡುಹಂದಿಗೆಂದು ತಂತಿಯ ಉರುಲು ಕಟ್ಟಿದ್ದಾರೆಯೇ ಎಂದು ನೋಡುತ್ತಾ ನಡೆಯಬೇಕು. ಹಂದಿಗೆ ಹಾಕಿದ ಉರುಲಿಗೆ ಎಷ್ಟೋ ಸಲ ಚಿರತೆ ಬೀಳುತ್ತದೆ. ಸೊಂಟಕ್ಕೆ ತಂತಿ ಬಿಗಿದು ಉರುಳಾಡುವ ಚಿರತೆಯ ಬಳಿ ಹೋಗಬೇಕಾದವರೂ ಇವರೇ.

ಬೇಸಿಗೆಗೆ ಮುಂಚೆ ಕಾಡಿನಲ್ಲಿ ಬೆಂಕಿ ರೇಖೆ ಮಾಡಬೇಕು. ಅಂದರೆ ಒಣಹುಲ್ಲು, ತರಗೆಲೆ ತೆಗೆದು, ಬೆಂಕಿ ದಾಟದಂತೆ ಬಯಲು ಪಟ್ಟಿ ಬಿಡಿಸುವುದು. ಬೆಂಕಿ ಬಿದ್ದಾಗ ಅನೇಕ ಕಡೆ ಕೈಯಲ್ಲಿರುವುದು ಹಸಿರು ಸೊಪ್ಪಿನ ಕೊಂಬೆ ಮಾತ್ರ. ಅದರಿಂದಲೇ ಬಡಿದು ಆರಿಸಬೇಕು.

ಊರಿಗೆ ಚಿರತೆ ಬಂತೆಂದರೆ ಕೆಲಸ ಇಮ್ಮಡಿ. ಹೆಜ್ಜೆ ಗುರುತು ಹುಡುಕಬೇಕು, ಕ್ಯಾಮೆರಾ ಕಟ್ಟಬೇಕು, ಬೋನು ಇಡಬೇಕು. ಬೋನಿನ ಹಿಂಭಾಗದ ಬೇರೆ ಗೂಡಿನಲ್ಲಿ ಮೇಕೆಯನ್ನೋ ನಾಯಿಯನ್ನೋ ಕಟ್ಟಿ, ಅದಕ್ಕೆ ದಿನವೂ ಮೇವು ನೀರು ಕೊಡಬೇಕು. ಚಿರತೆ ಬಿದ್ದ ದಿನ ಅದಕ್ಕಿಂತ ದೊಡ್ಡ ಕಷ್ಟ ಜನರದ್ದು. ಮೊಬೈಲ್ ಹಿಡಿದ ನೂರಾರು ಮಂದಿಯ ನಡುವೆ, ಗಾಬರಿಗೊಂಡ ಪ್ರಾಣಿಯನ್ನು ಸಾಗಿಸಬೇಕು.

"ಹಿಡಿದು ದೂರ ಬಿಟ್ಟುಬಿಡಿ" ಎಂದು ನಾವು ಸುಲಭವಾಗಿ ಹೇಳುತ್ತೇವೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2000ದ ದಶಕದ ಆರಂಭದಲ್ಲಿ ಹೀಗೆಯೇ ಅನೇಕ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟರು. ಆ ಬಳಿಕ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತು. ಬೋನು ಒಂದೇ ಪರಿಹಾರವಲ್ಲ ಎಂಬುದಕ್ಕೆ ಇದು ಪಾಠ.

ಮರಳಿ ಬಾರದವರು

ಈ ಕೆಲಸಕ್ಕೆ ಹೋದವರೆಲ್ಲರೂ ಸಂಜೆ ಮನೆಗೆ ಮರಳುವುದಿಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೊಂದ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯಲ್ಲಿ ಯುವ ಅರಣ್ಯ ರಕ್ಷಕರೊಬ್ಬರು ಸತ್ತರು. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂದನ್ ಆನೆ ದಾಳಿಗೆ ಬಲಿಯಾದರು. ಪ್ರತಿವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಆಚರಿಸುತ್ತಾರೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ತಬ್ಬಿ ನಿಂತು ಪ್ರಾಣ ಕೊಟ್ಟವರ ನೆನಪಿನ ದಿನವದು. ಅಲ್ಲಿ ಮೊದಲು ಮರವನ್ನು ತಬ್ಬಿದವಳು ಅಮೃತಾದೇವಿ ಎಂಬ ಹೆಣ್ಣುಮಗಳು.

ನಮ್ಮ ಪಾಲಿನ ತಪ್ಪು

ಈಗ ನಮ್ಮ ಮನೆಯ ಮಾತಿಗೆ ಬರೋಣ. ಊರಂಚಿಗೆ ಬರುವ ಚಿರತೆ ಹೆಚ್ಚಾಗಿ ಹುಡುಕುವುದು ನಾಯಿಯನ್ನು. ನಾಯಿಗಳು ಗುಂಪುಗೂಡುವುದು ಎಲ್ಲಿ? ಕೋಳಿ ಅಂಗಡಿಯ ತ್ಯಾಜ್ಯ ಸುರಿದ ಕಡೆ, ಮದುವೆ ಊಟದ ಎಂಜಲೆಲೆ ಎಸೆದ ಕಡೆ. ಬಕ್ರೀದಿನ ಮರುದಿನ ಊರಾಚೆಯ ಹಳ್ಳಕ್ಕೆ ಚೀಲ ಎಸೆದು ಬಂದದ್ದು ನನಗೂ ನೆನಪಿದೆ. ಆಗ ಅದು ತಪ್ಪೆಂದು ಅನ್ನಿಸಿರಲಿಲ್ಲ. ಆ ಚೀಲದ ಹಿಂದೆ ನಾಯಿ, ನಾಯಿಯ ಹಿಂದೆ ಚಿರತೆ, ಚಿರತೆಯ ದಾರಿಯಲ್ಲಿ ಯಾರದೋ ಮಗು ಎಂದು ಈಗ ಯೋಚಿಸಿದರೆ ಎದೆ ನಡುಗುತ್ತದೆ.

ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಸುತ್ತಲಿನ ಪ್ರದೇಶವನ್ನು ಪವಿತ್ರವೆಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದ್ದರು. ಕಾಡು ಕಾಯುವುದು ನಮಗೆ ಹೊಸ ಪಾಠವಲ್ಲ. ಶುಚಿತ್ವವನ್ನು ವಿಶ್ವಾಸದ ಭಾಗವೆಂದು ನಂಬುವವರ ಚೀಲ ಹಳ್ಳದಲ್ಲಿ ಬೀಳಬಾರದು.

ಸಹೋದರಿಯರೇ, ಮನೆಯ ವಿಷಯದಲ್ಲಿ ನಿಮ್ಮ ಮಾತು ನಡೆಯುತ್ತದೆ. ಆದ್ದರಿಂದ ನಿಮ್ಮಲ್ಲಿ ಕೆಲವು ವಿನಂತಿ. ಕುರ್ಬಾನಿಯ ತ್ಯಾಜ್ಯವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಲು ಮನೆಯ ಗಂಡಸರಿಗೆ ಹೇಳಿ. ಮನೆಯ ಸುತ್ತಲ ಪೊದೆ ಕಡಿಸಿ. ಮುಸ್ಸಂಜೆಯ ನಂತರ ಚಿಕ್ಕ ಮಕ್ಕಳನ್ನು ಹಿತ್ತಲಿಗೆ ಒಂಟಿಯಾಗಿ ಕಳಿಸಬೇಡಿ. ಕುರಿ, ಮೇಕೆಗಳನ್ನು ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಿ. ಕತ್ತಲಲ್ಲಿ ಹೋಗಲೇಬೇಕಾದರೆ ಟಾರ್ಚು ಹಿಡಿದು, ಗಟ್ಟಿಯಾಗಿ ಮಾತಾಡುತ್ತಾ ಹೋಗಿ. ಚಿರತೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಗುಂಪುಗೂಡಿ ಅಟ್ಟಲು ಹೋಗಬೇಡಿ, ಮಕ್ಕಳನ್ನು ನೋಡಲು ಕಳಿಸಬೇಡಿ.

ಮುಂದೆ ನಿಮ್ಮೂರಿಗೆ ಬೋನು ಬಂದರೆ ಅದರ ಪಕ್ಕದಲ್ಲಿ ಖಾಕಿ ಬಟ್ಟೆಯವರು ನಿಂತಿರುತ್ತಾರೆ. ಹಿಂದಿನ ರಾತ್ರಿ ಅವರು ನಿದ್ದೆ ಮಾಡಿರುವುದಿಲ್ಲ. ಬೈಯುವ ಮೊದಲು ಒಂದು ಲೋಟ ಚಹಾ ಕಳಿಸಿಕೊಡಿ. ಅವರ ಮನೆಯಲ್ಲೂ ಒಬ್ಬ ಮಗಳು, ಅಪ್ಪ ನಡೆದು ಮುಗಿಸಿ ಯಾವಾಗ ಬರುತ್ತಾರೆಂದು ಬಾಗಿಲು ನೋಡುತ್ತಿರುತ್ತಾಳೆ.