ಆಯಿಲ್ ಕೂಲರ್ ಹಾಕ್ಸೋ ಮುಂಚೆ ಥರ್ಮೋಸ್ಟ್ಯಾಟ್ ಬಗ್ಗೆ ಯೋಚಿಸಿ

ವಿಡಿಯೋ ನೋಡೋಕೆ ಟೈಮ್ ಸಿಗದವರಿಗಾಗಿ ಈ ಬರಹ ರೂಪ. ಇವತ್ತಿನ ವಿಷಯ ಇಂಜಿನ್ ಆಯಿಲ್ ಕೂಲರ್.

ಟರ್ಬೋ ಪೆಟ್ರೋಲ್ ಗಾಡಿಗೆ ಸ್ಟೇಜ್ 1 ರೀಮ್ಯಾಪ್ ಮಾಡಿಸಿದವರು, ಚೆನ್ನೈ ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿಗೋ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿಗೋ ಟ್ರ್ಯಾಕ್ ಡೇಗೆ ಹೋಗೋರು, "19 ರೋ ಕೂಲರ್ ಹಾಕಿಸ್ಲಾ, 25 ರೋ ಹಾಕಿಸ್ಲಾ?" ಅಂತ ಕೇಳ್ತಾರೆ. ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ನಿಮ್ಮ ಆಯಿಲ್ ಈಗ ಎಷ್ಟು ಬಿಸಿ ಆಗ್ತಿದೆ?

ಇನ್ನೊಂದು ವಿಷಯ ನೆನಪಿರಲಿ. ನಮ್ಮಲ್ಲಿ ಬಹುತೇಕರ ಹತ್ರ ಇರೋದು ಒಂದೇ ಕಾರು. ಭಾನುವಾರ ಟ್ರ್ಯಾಕು, ಸೋಮವಾರ ಅದರಲ್ಲೇ ಆಫೀಸು. ಭಾನುವಾರಕ್ಕೆ ಹಾಕಿಸಿದ ಕೂಲರ್ ಸೋಮವಾರದ ಇಂಜಿನ್ನಿಗೆ ತೊಂದರೆ ಕೊಡಬಾರದು.

ಆಯಿಲ್‌ಗೆ ಎಷ್ಟು ಬಿಸಿ ಬೇಕು?

ಆಯಿಲ್ ಬಿಸಿಯಾದಷ್ಟೂ ತೆಳು ಆಗುತ್ತೆ. ಕ್ರ್ಯಾಂಕ್ ಬೇರಿಂಗ್ ಲೋಹಕ್ಕೆ ಲೋಹ ತಾಗದೆ ತಿರುಗೋದು ಮಧ್ಯದಲ್ಲಿರೋ ತೆಳ್ಳನೆಯ ಆಯಿಲ್ ಪದರದ ಮೇಲೆ. ಎಸ್‌ಎಇ ಜೆ300 ಮಾನದಂಡದ ಪ್ರಕಾರ 30 ಗ್ರೇಡ್ ಆಯಿಲ್‌ನ ವಿಸ್ಕಾಸಿಟಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರಬೇಕು. 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿರೋ ಥರದ ಒತ್ತಡದಲ್ಲಿ, ಅದೇ ಆಯಿಲ್‌ಗೆ ಇರಬೇಕಾದ ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್. 5ಡಬ್ಲ್ಯೂ-40ಗೆ ಈ ಕನಿಷ್ಠ 3.5. ಟ್ರ್ಯಾಕಿಗೆ ಹೋಗೋರು 40 ಗ್ರೇಡ್ ಹಾಕೋದು ಈ ವ್ಯತ್ಯಾಸಕ್ಕಾಗಿ. ಆದ್ರೆ ನಿಮ್ಮ ಕಂಪನಿ ಮ್ಯಾನ್ಯುಯಲ್‌ನಲ್ಲಿ ಆ ಗ್ರೇಡ್‌ಗೆ ಒಪ್ಪಿಗೆ ಇದ್ರೆ ಮಾತ್ರ.

ಇದರ ಇನ್ನೊಂದು ಮುಖ ಯಾರೂ ಹೇಳಲ್ಲ. ಆಯಿಲ್ ತಣ್ಣಗಿದ್ರೂ ಕಷ್ಟ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಲ್ಲಿ ಸ್ವಲ್ಪ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಸಂಪಿಗೆ ಇಳಿಯುತ್ತೆ, ಜೊತೆಗೆ ನೀರಿನ ಆವಿಯೂ ಸೇರುತ್ತೆ. ಆಯಿಲ್ 100 ಡಿಗ್ರಿ ಆಸುಪಾಸಿಗೆ ಬಂದು ಸ್ವಲ್ಪ ಹೊತ್ತು ಅಲ್ಲೇ ಇದ್ರೆ ಇವು ಆವಿಯಾಗಿ ಹೊರಟು ಹೋಗ್ತವೆ. ಇಲ್ಲಾಂದ್ರೆ ಅಲ್ಲೇ ಉಳಿದು ಆಯಿಲನ್ನ ಕೆಡಿಸ್ತವೆ. ದೆಹಲಿಯ ಜನವರಿ ಬೆಳಗ್ಗೆ ಐದು ಕಿಲೋಮೀಟರ್ ಆಫೀಸಿಗೆ ಓಡೋ ಗಾಡಿಯಲ್ಲಿ ಆಯಿಲ್ ಬಿಸಿಯಾಗೋದೇ ದೊಡ್ಡ ವಿಷಯ. ಅದಕ್ಕೆ ಸದಾ ತೆರೆದಿರೋ ಕೂಲರ್ ಜೋಡಿಸಿದ್ರೆ ದುಡ್ಡು ಕೊಟ್ಟು ಇಂಜಿನ್ ಆಯಸ್ಸು ಕಮ್ಮಿ ಮಾಡ್ಕೊಂಡ ಹಾಗೆ.

ಹಾಗಾಗಿ ಕೂಲರ್‌ನ ಕೆಲಸ ಆಯಿಲನ್ನ ಸುಮಾರು 90ರಿಂದ 120 ಡಿಗ್ರಿ ಒಳಗೆ ಇಟ್ಟುಕೊಳ್ಳೋದು. ಅದಕ್ಕಿಂತ ಹೆಚ್ಚು ತಣ್ಣಗೆ ಮಾಡೋ ಅಗತ್ಯ ಇಲ್ಲ.

ಮೊದಲು ಅಳೆಯಿರಿ

ಪ್ರೊಫೈಲ್ ಮಾಡದೆ ಕೋಡ್ ಆಪ್ಟಿಮೈಸ್ ಮಾಡಬಾರದು ಅಂತ ನಾವೇ ಜೂನಿಯರ್‌ಗಳಿಗೆ ಹೇಳ್ತೀವಿ ಅಲ್ವಾ? ಇಲ್ಲೂ ಅಷ್ಟೇ. ಆಕ್ಟೇವಿಯಾ ವಿಆರ್‌ಎಸ್‌ನಂಥ ಗಾಡಿಯಲ್ಲಿ ಆಯಿಲ್ ಟೆಂಪರೇಚರ್ ಡ್ಯಾಶ್‌ಬೋರ್ಡಲ್ಲೇ ಕಾಣುತ್ತೆ. ಇಲ್ಲದಿದ್ದವರು ಒಬಿಡಿ ಡಾಂಗಲ್ ಹಾಕಿ ಫೋನಲ್ಲಿ ಲಾಗ್ ಮಾಡಿ. ಆದ್ರೆ ಕೆಲವು ಗಾಡಿಗಳಲ್ಲಿ ನಿಜವಾದ ಸೆನ್ಸರ್ ಇರಲ್ಲ, ಇಸಿಯು ಲೆಕ್ಕ ಹಾಕಿ ಅಂದಾಜು ತೋರಿಸುತ್ತೆ. ನಿಮ್ಮದು ಯಾವ ಥರ ಅಂತ ತಿಳ್ಕೊಳ್ಳಿ.

ಆಯಿಲ್ ಜೊತೆ ಕೂಲೆಂಟ್ ಟೆಂಪರೇಚರ್ ಕೂಡ ಲಾಗ್ ಆಗಲಿ. ಈಗಿನ ಬಹುಪಾಲು ಟರ್ಬೋ ಇಂಜಿನ್‌ಗಳಲ್ಲಿ ಕಂಪನಿಯೇ ಒಂದು ಆಯಿಲ್-ನೀರಿನ ಕೂಲರ್ ಇಟ್ಟಿರುತ್ತೆ. ಬೆಳಗ್ಗೆ ಕೂಲೆಂಟ್ ಬೇಗ ಬಿಸಿಯಾಗಿ ಆಯಿಲನ್ನ ಬಿಸಿ ಮಾಡುತ್ತೆ, ಆಮೇಲೆ ಅದೇ ಕೂಲೆಂಟ್ ಆಯಿಲ್‌ನ ಹೆಚ್ಚಿನ ಬಿಸಿ ಹೀರುತ್ತೆ. ಟ್ರ್ಯಾಕಲ್ಲಿ ಎರಡೂ ಒಟ್ಟಿಗೆ ಏರ್ತಿದ್ರೆ ಮೊದಲು ನೋಡಬೇಕಾದ್ದು ರೇಡಿಯೇಟರ್, ಫ್ಯಾನ್ ಮತ್ತು ಗಾಳಿ ದಾರಿ. ಕೂಲೆಂಟ್ ಸ್ಥಿರವಾಗಿದ್ದು ಆಯಿಲ್ ಮಾತ್ರ ಏರ್ತಾ ಹೋದ್ರೆ ಆಗ ಆಯಿಲ್ ಕೂಲರ್ ಮಾತು.

ನಾನು ಇಟ್ಕೊಳ್ಳೋ ಲೆಕ್ಕ ಇದು. 15-20 ನಿಮಿಷದ ಸೆಷನ್ ಕೊನೆಗೆ 120ರ ಒಳಗೆ ನಿಂತ್ರೆ ಕೂಲರ್ ಬೇಡ. 120-130 ಆದ್ರೆ ಒಳ್ಳೆ ಸಿಂಥೆಟಿಕ್ ಆಯಿಲ್ ಹಾಕಿ, ಬೇಗ ಬದಲಾಯಿಸಿ, ಮಧ್ಯೆ ಒಂದು ನಿಧಾನದ ಲ್ಯಾಪ್ ಹಾಕಿ. 130 ದಾಟಿ ಇನ್ನೂ ಏರ್ತಾನೇ ಇದ್ರೆ ಕೂಲರ್ ಬೇಕು.

ಎಷ್ಟು ದೊಡ್ಡದು?

ಒಂದು ಸಣ್ಣ ಲೆಕ್ಕ ಮಾಡೋಣ. ಕೂಲರ್ ಮೂಲಕ ನಿಮಿಷಕ್ಕೆ 20 ಲೀಟರ್ ಆಯಿಲ್ ಹರಿಯುತ್ತೆ ಅಂತ ಇಟ್ಕೊಳ್ಳಿ. ಬಿಸಿ ಆಯಿಲ್ ಲೀಟರಿಗೆ ಸುಮಾರು 0.8 ಕೆಜಿ, ಅಂದ್ರೆ ಸೆಕೆಂಡಿಗೆ 0.27 ಕೆಜಿ. ಒಂದು ಕೆಜಿ ಆಯಿಲ್ ಒಂದು ಡಿಗ್ರಿ ತಣ್ಣಗಾಗೋಕೆ ಸುಮಾರು 2 ಕಿಲೋಜೂಲ್ ಬಿಟ್ಟುಕೊಡಬೇಕು. 15 ಡಿಗ್ರಿ ಇಳಿಸಬೇಕಂದ್ರೆ ಗಾಳಿಗೆ ಬಿಡಬೇಕಾದ ಶಾಖ ಹತ್ತಿರ ಹತ್ತಿರ 8 ಕಿಲೋವ್ಯಾಟ್. ಬಾತ್‌ರೂಮಿನ 2 ಕಿಲೋವ್ಯಾಟ್ ಗೀಸರ್ ನಾಲ್ಕು ಒಟ್ಟಿಗೆ ಉರಿದಷ್ಟು!

ಇಷ್ಟು ಶಾಖ ಹೊರಹಾಕೋದು ಗಾಳಿ. ಹಾಗಾಗಿ ಗಾಳಿ ಸರಿಯಾಗಿ ಸಿಗೋ ಜಾಗದ 13 ರೋ ಕೂಲರ್, ಗಾಳಿ ಸಿಗದ ಮೂಲೆಯ 25 ರೋಗಿಂತ ಮೇಲು. 1.0-1.5 ಲೀಟರ್ ಟರ್ಬೋಗೆ 10-13 ರೋ, 2 ಲೀಟರ್ ಟರ್ಬೋಗೆ 16-19 ರೋ ಅಂತ ಶುರು ಮಾಡಬಹುದು. ಕೊಳವೆಗೆ ರೆಕ್ಕೆ ಸುತ್ತಿದ ಅಗ್ಗದ ಮಾದರಿಗಿಂತ ಪ್ಲೇಟ್ ಮೇಲೆ ಪ್ಲೇಟ್ ಜೋಡಿಸಿದ ಮಾದರಿ ಅದೇ ಅಳತೆಯಲ್ಲಿ ಹೆಚ್ಚು ಶಾಖ ಬಿಡುತ್ತೆ. ಸೆಕೆಂಡ್ ಹ್ಯಾಂಡ್ ಕೂಲರ್ ಮಾತ್ರ ಬೇಡ. ಹಿಂದಿನ ಗಾಡಿಯ ಬೇರಿಂಗ್ ಹೋಗಿದ್ರೆ ಲೋಹದ ಚೂರು ಆ ಪ್ಲೇಟ್‌ಗಳ ಒಳಗೆ ಕೂತಿರುತ್ತೆ, ಎಷ್ಟು ತೊಳೆದರೂ ಪೂರ್ತಿ ಬರಲ್ಲ.

ಥರ್ಮೋಸ್ಟ್ಯಾಟ್ ಕಡ್ಡಾಯ

ಆಯಿಲ್ ಫಿಲ್ಟರ್ ಮತ್ತು ಇಂಜಿನ್ ನಡುವೆ ಕೂರೋ ಸ್ಯಾಂಡ್‌ವಿಚ್ ಪ್ಲೇಟ್ ಆಯಿಲನ್ನ ಕೂಲರ್ ಕಡೆ ತಿರುಗಿಸುತ್ತೆ. ಇದರಲ್ಲಿ ಥರ್ಮೋಸ್ಟ್ಯಾಟ್ ಇರೋದನ್ನೇ ತಗೊಳ್ಳಿ. ಸಾಮಾನ್ಯವಾಗಿ 80-85 ಡಿಗ್ರಿಗೆ ತೆರೆಯುತ್ತೆ. ಮುಚ್ಚಿದ್ದಾಗಲೂ ಸ್ವಲ್ಪ ಆಯಿಲ್ ಹರಿಯೋಕೆ ಬಿಡುತ್ತೆ, ಇದರಿಂದ ತೆರೆದಾಗ ಪೈಪಲ್ಲಿರೋ ತಣ್ಣನೆ ಆಯಿಲ್ ಒಂದೇ ಸಲಕ್ಕೆ ನುಗ್ಗಲ್ಲ. ಸೋಮವಾರದ ಆಫೀಸ್ ಓಡಾಟವನ್ನ ಕಾಯೋ ಭಾಗ ಇದೇ. ಬಜೆಟ್ ಕಮ್ಮಿ ಇದ್ರೆ ಕೂಲರ್ ಅಳತೆ ಇಳಿಸಿ, ಇದನ್ನ ಬಿಡಬೇಡಿ.

ಫಿಲ್ಟರ್ ಥ್ರೆಡ್ ನೋಡ್ಕೊಂಡೇ ಆರ್ಡರ್ ಮಾಡಿ. ಎಂ20x1.5 ಮತ್ತು ಮುಕ್ಕಾಲು ಇಂಚಿನ ಥ್ರೆಡ್ ಕಣ್ಣಿಗೆ ಒಂದೇ ಥರ ಕಂಡ್ರೂ ಒಂದಕ್ಕೊಂದು ಕೂರಲ್ಲ. ವಿಆರ್‌ಎಸ್‌ನ ಇಎ888 ಮೂರನೇ ತಲೆಮಾರಿನ ಇಂಜಿನ್ನಲ್ಲಿ ಕಾರ್ಟ್ರಿಜ್ ಫಿಲ್ಟರ್ ಇರೋದರಿಂದ ಮಾಮೂಲಿ ಪ್ಲೇಟ್ ಆಗಲ್ಲ, ಆ ಇಂಜಿನ್ನಿಗೇ ಮಾಡಿದ ಅಡಾಪ್ಟರ್ ಬೇಕು.

ಜಾಗ ಮತ್ತು ಪೈಪ್

ಬಂಪರ್ ಹಿಂದೆ ಎದುರುಗಾಳಿ ಹೊಡೆಯೋ ಜಾಗದಲ್ಲಿ, ರಬ್ಬರ್ ಬುಷ್ ಮೇಲೆ ಕೂರಿಸಿ. ಗಾಳಿ ಒಳಗೆ ಬರೋಕೆ ದಾರಿ ಇದ್ದಷ್ಟೇ ಹೊರಗೆ ಹೋಗೋಕೂ ಇರಬೇಕು. ಸುತ್ತ ಸಂದು ಇದ್ರೆ ಫೋಮ್ ತುಂಬಿ, ಇಲ್ಲಾಂದ್ರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಜಾರುತ್ತೆ. ಇಂಟರ್‌ಕೂಲರ್ ಮುಂದೆ ಪೂರ್ತಿ ಅಡ್ಡ ಇಟ್ರೆ ಆಯಿಲ್ ತಣ್ಣಗಾಗುತ್ತೆ, ಇಂಜಿನ್ ಸೇದೋ ಗಾಳಿ ಬಿಸಿಯಾಗುತ್ತೆ. ಪೈಪ್ ಜೋಡಿಸೋ ಬಾಯಿ ಮೇಲ್ಮುಖವಾಗಿದ್ರೆ ಒಳಗೆ ಸಿಕ್ಕಿಕೊಂಡ ಗಾಳಿ ಸುಲಭವಾಗಿ ಹೊರಬರುತ್ತೆ. ಮುಂದೆ ಕಲ್ಲು ತಡೆಯೋಕೆ ಜಾಲರಿ ಇರಲಿ.

ಪೈಪ್ ವಿಷಯದಲ್ಲಿ ಜಿಪುಣತನ ಬೇಡ. ನಿಮಿಷಕ್ಕೆ 20 ಲೀಟರ್ ಹರಿಯೋ ಪೈಪ್ ಕಿತ್ತುಕೊಂಡ್ರೆ 5 ಲೀಟರ್ ಆಯಿಲ್ ಸುಮಾರು 15 ಸೆಕೆಂಡಲ್ಲಿ ಖಾಲಿ. ಅದು ಬಿಸಿ ಟರ್ಬೋ ಮೇಲೆ ಬಿದ್ರೆ ಬೆಂಕಿ, ಟ್ರ್ಯಾಕ್ ಮೇಲೆ ಬಿದ್ರೆ ಹಿಂದೆ ಬರೋವನ ಪ್ರಾಣಕ್ಕೆ ಸಂಚಕಾರ. ಎಎನ್-10 ಅಳತೆಯ, ಸ್ಟೀಲ್ ಹೆಣಿಗೆಯ ಆಯಿಲ್ ಹೋಸ್, ಅದಕ್ಕೆ ಹೊಂದೋ ಫಿಟ್ಟಿಂಗ್ ಹಾಕಿಸಿ. ರಬ್ಬರ್ ಪೈಪಿಗೆ ಸ್ಕ್ರೂ ಕ್ಲಾಂಪ್ ಬಿಗಿದು "ಏನೂ ಆಗಲ್ಲ ಸಾರ್" ಅನ್ನೋ ಗ್ಯಾರೇಜಿಂದ ಗಾಡಿ ವಾಪಸ್ ತನ್ನಿ. ಪೈಪ್ ಎಕ್ಸಾಸ್ಟ್‌ನಿಂದ ದೂರ ಇರಲಿ, ಇಂಜಿನ್ ಅಲುಗಾಡೋಕೆ ಸ್ವಲ್ಪ ಸಡಿಲ ಇರಲಿ. ಸ್ಟೀಲ್ ಹೆಣಿಗೆ ಗರಗಸ ಇದ್ದಂಗೆ, ತಾಗಿದ್ದನ್ನೆಲ್ಲ ಕೊಯ್ಯುತ್ತೆ. ತಾಗೋ ಕಡೆ ಕವಚ ಹಾಕಿಸಿ.

ಮೊದಲ ಸ್ಟಾರ್ಟ್

ಕೂಲರ್ ಮತ್ತು ಪೈಪಿಗೆ ಮೊದಲೇ ಆಯಿಲ್ ತುಂಬಿಸಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಮಧ್ಯೆ ಬಿಡುವು ಕೊಟ್ಟು, ಎಂಟು-ಹತ್ತು ಸೆಕೆಂಡಿನಂತೆ ಒಂದೆರಡು ಸಲ ಕ್ರ್ಯಾಂಕ್ ಮಾಡಿ. ರೈಲ್‌ನಲ್ಲಿ ಉಳಿದ ಪೆಟ್ರೋಲಿಗೆ ಇಂಜಿನ್ ಒಂದು ಕ್ಷಣ ಹತ್ತಿ ಆರಬಹುದು, ಗಾಬರಿ ಬೇಡ. ಫ್ಯೂಸ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿ, ಪ್ರತಿ ಜಾಯಿಂಟ್ ಟಾರ್ಚ್ ಹಿಡಿದು ನೋಡಿ. ಥರ್ಮೋಸ್ಟ್ಯಾಟ್ ತೆರೆದ ಮೇಲೇ ಕೂಲರ್ ಪೂರ್ತಿ ತುಂಬೋದು. ಹಾಗಾಗಿ ಗಾಡಿ ಓಡಿಸಿ, ಆಯಿಲ್ 90 ದಾಟಿದ ಮೇಲೆ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಅರ್ಧದಿಂದ ಒಂದು ಲೀಟರ್ ಹೆಚ್ಚು ಹಿಡಿಯಬಹುದು. 100 ಕಿಲೋಮೀಟರ್ ಆದ ಮೇಲೆ ಎಲ್ಲಾ ಜಾಯಿಂಟ್ ಮತ್ತೆ ಚೆಕ್ ಮಾಡಿ.

ವಾರಂಟಿ ಇನ್ನೂ ಇರೋ ಗಾಡಿಯಾದ್ರೆ ಇಂಜಿನ್ ಕ್ಲೇಮ್ ತಿರಸ್ಕಾರ ಆಗಬಹುದು, ಅದನ್ನೂ ತೂಗಿ ನೋಡಿ.

ಫಿಟ್ ಆದ ಮೇಲೆ ಎರಡು ಲಾಗ್ ತೆಗೀರಿ. ಒಂದು ಟ್ರ್ಯಾಕಿದ್ದು, ಒಂದು ಆಫೀಸಿಗೆ ಹೋಗೋ ಬೆಳಗ್ಗೇದು. ಟ್ರ್ಯಾಕಲ್ಲಿ 120 ಆಸುಪಾಸು ನಿಂತು, ಆಫೀಸ್ ದಾರಿಯಲ್ಲಿ ಮೊದಲಿನಷ್ಟೇ ಬೇಗ 90 ಮುಟ್ಟಿದ್ರೆ ಕೆಲಸ ಸರಿಯಾಗಿದೆ. ಎರಡನೇದು ನಿಧಾನ ಆಗಿದ್ರೆ ಥರ್ಮೋಸ್ಟ್ಯಾಟ್ ಮುಚ್ಚುತ್ತಿಲ್ಲ ಅಂತ ಅರ್ಥ, ಗಾಡಿನ ಅದೇ ವಾರ ಗ್ಯಾರೇಜಿಗೆ ಒಯ್ಯಿರಿ.

ಮುಂದಿನ ವಿಡಿಯೋದಲ್ಲಿ ಬ್ರೇಕ್ ಫ್ಲೂಯಿಡ್ ಬಗ್ಗೆ ಮಾತಾಡೋಣ. ಜೋಪಾನವಾಗಿ ಓಡಿಸಿ.