ಕೆರೆಯ ಮಣ್ಣಿಗೆ ಬಂಡೆಯ ಹೊಳಪು

ಮಾಗಡಿ ಸೀಮೆಯ ಕುದೂರಿನಲ್ಲಿ ನಿಂತು ಭೈರವನದುರ್ಗದ ಕಡೆ ತಲೆ ಎತ್ತಿದರೆ ಕಾಣುವುದು ಬಂಡೆ. ಅಲ್ಲಿಂದ ಸಾವನದುರ್ಗ, ಆಚೆಗೆ ರಾಮನಗರದ ಬೆಟ್ಟಗಳು. ಈ ಸೀಮೆಯ ಮೈಯೆಲ್ಲ ಕಲ್ಲೇ. ರಾಮನಗರದ ಸುತ್ತಿನ ಗ್ರಾನೈಟ್‌ಗೆ ಭೂವಿಜ್ಞಾನಿಗಳು ಊರಿನ ಬ್ರಿಟಿಷರ ಕಾಲದ ಹೆಸರನ್ನೇ ಇಟ್ಟು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಮಣ್ಣಿನ ಕೆಲಸ ಮಾಡುವವರಿಗೆ ಈ ಕಲ್ಲು ಬೇಕಾದದ್ದು. ಗ್ರಾನೈಟ್‌ನಲ್ಲಿರುವ ಫೆಲ್ಡ್‌ಸ್ಪಾರ್ ಯುಗಯುಗಗಳ ಬಿಸಿಲು ಮಳೆಗೆ ಕರಗಿ ಜೇಡಿಯಾಗುತ್ತದೆ, ಹರಿದುಬಂದು ಕೆರೆಯ ತಳದಲ್ಲಿ ಕೂರುತ್ತದೆ. ಕೆರೆ ಬತ್ತಿದಾಗ ಕುಂಬಾರರು ತೆಗೆಯುವುದು ಅದನ್ನೇ. ಇನ್ನೂ ಕರಗದೆ ಕಲ್ಲಾಗಿಯೇ ಉಳಿದ ಫೆಲ್ಡ್‌ಸ್ಪಾರನ್ನು ಹಿಟ್ಟಿನಂತೆ ಅರೆದು 1200 ಡಿಗ್ರಿ ದಾಟಿಸಿದರೆ ಗಾಜಿನಂತೆ ಕರಗುತ್ತದೆ, ಅದು ಗ್ಲೇಜ್. ಮಡಕೆಯ ಮೈಯೂ ಮೈಮೇಲಿನ ಹೊಳಪೂ ಒಂದೇ ಬಂಡೆಯಿಂದ ಬಂದವು.

ಬೆಂಗಳೂರಿನ ಸ್ಟುಡಿಯೊಗಳಲ್ಲಿ ಸೆರಾಮಿಕ್ ಕಲಿಯುತ್ತಿರುವ ಹುಡುಗ ಹುಡುಗಿಯರ ಕೈಗೆ ಮೊದಲು ಸಿಗುವುದು ಚೀಲದಲ್ಲಿ ಬಂದ, ಎಲ್ಲಿಯದೆಂದು ಗೊತ್ತಿಲ್ಲದ ಮಣ್ಣು. ಅದರಲ್ಲಿ ಕಪ್, ತಟ್ಟೆ ಚೆನ್ನಾಗಿಯೇ ಆಗುತ್ತವೆ. ಆದರೆ ಹೊಸಬರಲ್ಲಿ ನನಗೆ ಮುಖ್ಯರೆನಿಸುವವರು ‘ಈ ಮಣ್ಣು ಯಾವ ಊರಿನದು?’ ಎಂದು ಕೇಳುವವರು. ಆ ಪ್ರಶ್ನೆಯಿಂದಲೇ ಅವರ ಕೆಲಸಕ್ಕೆ ವಿಚಾರ ಹುಟ್ಟುತ್ತದೆ.

ಕೆರೆಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆವಿಗೆಯ 800 ಡಿಗ್ರಿ ಆಸುಪಾಸಿನ ಬೆಂಕಿಗೆ ಅದು ಕೆಂಪಗೆ, ಗಟ್ಟಿಯಾಗಿ ಬೇಯುತ್ತದೆ. ಸ್ಟೋನ್‌ವೇರ್ ಪಾತ್ರೆ ಸುಡುವ 1200 ಡಿಗ್ರಿ ಆಸುಪಾಸಿನ ಶಾಖಕ್ಕೆ ಒಡ್ಡಿದರೆ ಉಬ್ಬಿ, ಕುಸಿದು ಕೂರುತ್ತದೆ. ಕೆಲಸಕ್ಕೆ ಬಾರದ್ದೆಂದು ಅದನ್ನು ಬಿಡುವವರೇ ಹೆಚ್ಚು. ಅದನ್ನೇ ತೆಳ್ಳಗೆ ಕದಡಿ, ಸೋಸಿ, ಗಟ್ಟಿ ಜಾತಿಯ ಮಣ್ಣಿನ ಪಾತ್ರೆಗೆ ಬಳಿದು ಸುಟ್ಟರೆ ಕಡುಕಂದು, ಕೆಲವೊಮ್ಮೆ ಕಪ್ಪು ಗ್ಲೇಜ್ ಆಗಿ ಇಳಿಯುತ್ತದೆ. ಕುಸಿಯುವ ಗುಣವೇ ಇಲ್ಲಿ ಹೊಳಪು ಕೊಡುತ್ತದೆ, ಕಬ್ಬಿಣ ಬಣ್ಣ ಕೊಡುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಕಲಾಶಾಲೆಯಲ್ಲಿದೆ?

ಕರಾವಳಿಯ ಕಲಾವಿದ ಎಲ್.ಎನ್. ತಲ್ಲೂರ್ ಮಣ್ಣಿಗೆ ಹಿಂದೆಯೇ ಇಂಥ ಪ್ರಶ್ನೆ ಕೇಳಿದವರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಊರೂರಿನ ಸೂರು ಏರಿತು. 2012ರ ಕೊಚ್ಚಿ ಬಿನಾಲೆಯಲ್ಲಿ ತಲ್ಲೂರ್ ಅಂಥ ಹೆಂಚಿನ ಮಾಡನ್ನೇ ಕಲಾಕೃತಿಯಾಗಿಸಿ, ಅದರ ಮೇಲೆ ಹಠಯೋಗದ ಭಂಗಿಗಳಲ್ಲಿರುವ ಪುಟ್ಟ ಮಣ್ಣಿನ ಗೊಂಬೆಗಳನ್ನು ಕೂರಿಸಿದರು. ಹೊರಗಿನಿಂದ ಬಂದ ಹೆಂಚು ನಮ್ಮದಾದದ್ದು ಹೇಗೆ ಎಂಬ ಯೋಚನೆಗೆ ಹಚ್ಚುವ ಕೆಲಸ ಅದು. ಪುದುಚೇರಿಯಲ್ಲಿ 1971ರಲ್ಲಿ ಡೆಬೊರಾ ಸ್ಮಿತ್ ಜೊತೆ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದ ರೇ ಮೀಕರ್ ಇನ್ನೂ ಮುಂದೆ ಹೋದರು: ಹಸಿ ಇಟ್ಟಿಗೆಯ ಮನೆ ಕಟ್ಟಿ, ಒಳಗೆ ಮಣ್ಣಿನ ಸಾಮಾನು ತುಂಬಿ, ಮನೆಯನ್ನೇ ಆವಿಗೆಯಂತೆ ಸುಟ್ಟರು. ಜೈಪುರದಲ್ಲಿ 2018ರಲ್ಲಿ, ದೆಹಲಿಯಲ್ಲಿ 2024ರಲ್ಲಿ ನಡೆದ ಸೆರಾಮಿಕ್ ಟ್ರಿಯೆನಾಲೆಗಳು ಇಂಥ ಧೈರ್ಯದವರಿಗೆ ಜಾಗ ಕೊಟ್ಟವು.

ಮಣ್ಣು-ಬೆಂಕಿಯ ಇಂಥ ಪ್ರಯೋಗ ಮಾಗಡಿ ಸೀಮೆಗೆ ಹೊಸದೇನಲ್ಲ. ಸಾವನದುರ್ಗದ ತಪ್ಪಲಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ. ದಕ್ಷಿಣದ ಇಂಥ ಸಮಾಧಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆಗಳನ್ನು ಬಾಯಿ ಕೆಳಗೆ ಮಾಡಿ ಸುಟ್ಟಿದ್ದಾರೆ ಎನ್ನುತ್ತಾರೆ ಪುರಾತತ್ವಜ್ಞರು. ಒಳಗೆ ಗಾಳಿಯಾಡದೆ ಕಪ್ಪು, ಹೊರಗೆ ಗಾಳಿ ತಾಗಿ ಕೆಂಪು. ಎರಡು ಬಣ್ಣಕ್ಕೆ ಎರಡು ಬಳಿತವಿಲ್ಲ, ಒಂದೇ ಬೆಂಕಿ.

ಈ ಭಾಗದ ಮದುವೆಗಳಲ್ಲಿ ಐರಣಿ ಮಡಕೆ ತರಲು ಇಂದಿಗೂ ಕುಂಬಾರರ ಮನೆಗೆ ಹೋಗುತ್ತಾರೆ. ಮದುವೆ ಮುಗಿದ ಮೇಲೆ ಆ ಮನೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಲಾವಿದರೂ ಹಾಗೆಯೇ ಹಳ್ಳಿಯ ಮಣ್ಣು ಬೇಕು, ಮಣ್ಣನ್ನು ಚಿವುಟಿ ನೋಡಿಯೇ ಅದರ ಜಾತಿ ಹೇಳುವ ಕುಂಬಾರ ಬೇಡ ಎಂದರೆ ಯಾವ ವಿಚಾರವೂ ಗಟ್ಟಿಯಾಗದು. ಪ್ರದರ್ಶನದ ಗೋಡೆಯ ಮೇಲೆ ಕಲಾವಿದರ ಹೆಸರಿನ ಪಕ್ಕದಲ್ಲೇ ಕುಂಬಾರರ ಹೆಸರೂ ಬರಲಿ, ಮಾರಾಟದ ಹಣದಲ್ಲಿ ಪಾಲೂ ಸಿಗಲಿ.

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ತಿಗುರಿಯವರನ್ನೂ ಸ್ಟುಡಿಯೊದವರನ್ನೂ ವರ್ಷಕ್ಕೊಮ್ಮೆ ಅಲ್ಲಿ ಒಂದೇ ಆವಿಗೆಯ ಮುಂದೆ ಕೂರಿಸಬಹುದು. ಬೇಸಿಗೆಯಲ್ಲೇ ಆಗಬೇಕು, ಮಳೆ ಹಿಡಿದರೆ ಕೆರೆಯ ಮಣ್ಣೂ ಸಿಗದು, ಹಸಿ ಮಡಕೆಯೂ ಒಣಗದು.