ಬುರ್ದಾ: ನೂರ ಅರವತ್ತು ಬೈತ್‌ಗಳ ಹಿಂದಿನ ಬದುಕು

ರಬೀವುಲ್ ಅವ್ವಲ್ ತಿಂಗಳು ಬಂತೆಂದರೆ ನಮ್ಮ ಮನೆ, ಮಸೀದಿ, ಮದ್ರಸಗಳಲ್ಲಿ ಬುರ್ದಾ ಮಜ್ಲಿಸ್‌ಗಳು ಶುರುವಾಗುತ್ತವೆ. ಮಕ್ಕಳು ರಾಗವಾಗಿ ಹಾಡುತ್ತಾರೆ, ಹಿರಿಯರು ಕಣ್ಣು ಮುಚ್ಚಿ ಕೇಳುತ್ತಾರೆ. ಆದರೆ ಈ ಬೈತ್‌ಗಳು ಹೇಗೆ ಹುಟ್ಟಿದವು ಅಂತ ಕೇಳಿದರೆ, 'ಇಮಾಮರು ಕನಸು ಕಂಡರು, ರೋಗ ವಾಸಿಯಾಯಿತು' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಕನಸಿಗೆ ಮೊದಲು ಒಂದು ದೀರ್ಘ ಬದುಕಿತ್ತು. ಅದೂ ನಮಗೆ ಗೊತ್ತಿರಬೇಕು.

ಇಮಾಮ್ ಬೂಸ್ವೀರಿ (ರ) 13ನೇ ಶತಮಾನದ ಈಜಿಪ್ಟಿನವರು. ಹೊಟ್ಟೆಪಾಡಿಗೆ ಬಿಲ್ಬೈಸ್ ಪಟ್ಟಣದಲ್ಲಿ ಸರಕಾರಿ ಗುಮಾಸ್ತರಾಗಿದ್ದರು. ಸುಂದರ ಅಕ್ಷರ ಬರೆಯುವುದರಲ್ಲಿ ಹೆಸರಾಗಿದ್ದರು. ಜನರ ಹಣ ನುಂಗುವ ಅಧಿಕಾರಿಗಳನ್ನು ಛೇಡಿಸಿ ಪದ್ಯ ಕಟ್ಟಿದ್ದೂ ಉಂಟು. ಪ್ರವಾದಿ (ಸ) ಅವರ ಮದ್‌ಹ್ ಆಗಿ ಬುರ್ದಾವಲ್ಲದೆ ಬೇರೆ ಕಾವ್ಯಗಳನ್ನೂ ಬರೆದರು. ಅವುಗಳಲ್ಲಿ 'ಹಂಝಿಯ್ಯ' ಒಂದರಲ್ಲೇ ನಾನೂರಕ್ಕೂ ಹೆಚ್ಚು ಬೈತ್‌ಗಳಿವೆ. ಹಾಗಾಗಿ ಬುರ್ದಾ ಬರೆದ ಲೇಖನಿ ಹೊಸತಲ್ಲ, ವರ್ಷಗಟ್ಟಲೆ ಪಳಗಿದ್ದು.

ಆಮೇಲೆ ಪಾರ್ಶ್ವವಾಯು ಬಡಿದು ಅರ್ಧ ದೇಹ ಸ್ವಾಧೀನ ತಪ್ಪಿತು. ಆಗ ಈ ಕಾವ್ಯ ಕಟ್ಟಿದರು. ಅದನ್ನೇ ಮತ್ತೆ ಮತ್ತೆ ಹಾಡುತ್ತಾ, ಅಳುತ್ತಾ, ಅಲ್ಲಾಹನಲ್ಲಿ ದುಆ ಮಾಡುತ್ತಾ ನಿದ್ದೆ ಹೋದರು. ಕನಸಿನಲ್ಲಿ ಪ್ರವಾದಿ (ಸ) ಅವರು ಮುಖ ಸವರಿ ಮೈಮೇಲೆ ಹೊದಿಕೆ ಹಾಕಿದರು, ಎಚ್ಚರವಾದಾಗ ಎದ್ದು ನಡೆಯುವಂತಾಗಿತ್ತು ಎಂದು ಅವರೇ ಹೇಳಿದ್ದಾಗಿ ಗ್ರಂಥಗಳಲ್ಲಿದೆ. ಆ ಹೊದಿಕೆಯಿಂದಲೇ 'ಬುರ್ದಾ' ಎಂಬ ಹೆಸರು ಬಂತು. ಒಂದು ಬೈತ್‌ನ ಅರ್ಧ ಸಾಲು ಬರೆದು ಉಳಿದರ್ಧ ಹೊಳೆಯದೆ ಇಮಾಮರು ನಿಂತುಬಿಟ್ಟಿದ್ದರು, ಕನಸಿನಲ್ಲೇ ಅದು ಪೂರ್ತಿಯಾಯಿತು ಎಂದು ನಮ್ಮ ಉಸ್ತಾದರುಗಳು ಹೇಳುವುದನ್ನು ನೀವೂ ಕೇಳಿರಬಹುದು. ಅಷ್ಟು ದೊಡ್ಡ ಕವಿಗೂ ಸಾಲು ಸಿಗದೆ ಕಾಯಬೇಕಾದ ಹೊತ್ತಿತ್ತು ಎಂಬ ಪಾಠ ಅದರಲ್ಲಿದೆ.

ಬುರ್ದಾದಲ್ಲಿ 160 ಬೈತ್‌ಗಳು, ಹತ್ತು ಫಸ್ಲ್‌ಗಳು. ಪ್ರತಿ ಬೈತ್‌ನ ಕೊನೆಯಲ್ಲೂ 'ಮೀಮ್' ಅಕ್ಷರ ಬರಲೇಬೇಕು. ಅರ್ಥ ಕೆಡದೆ, ತಾಳ ತಪ್ಪದೆ ಅಷ್ಟು ಪದ ಹುಡುಕುವುದು ಎಷ್ಟು ಕಷ್ಟ ಎಂದು ಒಂದು ಪದ್ಯ ಬರೆಯಲು ಕೂತವರಿಗೆ ಗೊತ್ತು. ಇನ್ನು ಫಸ್ಲ್‌ಗಳ ಕ್ರಮ ನೋಡಿ. ಮೊದಲು ವಿರಹದ ಕಣ್ಣೀರು. ಎರಡನೆಯದರಲ್ಲಿ ತನ್ನದೇ ನಫ್ಸ್‌ನ ವಿಚಾರಣೆ. ಮೂರನೆಯದರಲ್ಲಷ್ಟೇ ಮದ್‌ಹ್ ಶುರು. ಆಮೇಲೆ ಪ್ರವಾದಿಯವರ ಜನನ, ಮುಅ್‌ಜಿಝತ್, ಕುರ್‌ಆನ್, ಮಿಅ್‌ರಾಜ್, ಯುದ್ಧಗಳು. ಕೊನೆಗೆ ತೌಬಾ, ಮುನಾಜಾತ್. ಅಂದರೆ ತನ್ನನ್ನು ತಾನು ಶುದ್ಧ ಮಾಡಿಕೊಳ್ಳದೆ ಹೊಗಳಲು ಬಾಯಿ ತೆರೆಯಲಿಲ್ಲ ಆ ಕವಿ.

ನಮ್ಮ ಉಮ್ಮಂದಿರು ಮಗ್ರಿಬ್ ಆದ ಮೇಲೆ ಓದುತ್ತಿದ್ದ ಮುಹ್ಯಿದ್ದೀನ್ ಮಾಲೆಯೂ ಹೀಗೆಯೇ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ (ರ) 1607ರಲ್ಲಿ ಅರಬಿ ಮಲಯಾಳದಲ್ಲಿ ಬರೆದ ಮಾಲೆ ಅದು. ಯಾವ ಕಿತಾಬ್‌ಗಳಿಂದ ವಿಷಯ ತೆಗೆದೆ, ಯಾವ ವರ್ಷ ಬರೆದೆ ಎಂಬುದನ್ನು ಹಾಡಿನೊಳಗೇ ಹೇಳಿದ್ದಾರೆ. ಮುತ್ತು ಪೋಣಿಸುವ ಮೊದಲು ಕಿತಾಬ್ ಓದಿದ್ದರು ಎಂದಾಯಿತು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಇಂದು ನಮ್ಮ ಹುಡುಗರು ಬ್ಯಾರಿ ಭಾಷೆಯಲ್ಲಿ ಮದ್‌ಹ್ ಹಾಡು ಬರೆಯುತ್ತಿದ್ದಾರೆ. ಬಹಳ ಸಂತೋಷ. ಆದರೆ ಸಿನಿಮಾ ಹಾಡಿನ ರಾಗ ಮೊದಲು, ಅದಕ್ಕೆ ಕೂರುವ ಪದ ಆಮೇಲೆ, ಅರ್ಥ ಕೊನೆಗೆ ಎಂಬಂತಾಗಿದೆ. ಸಂಜೆ ಬರೆದದ್ದು ರಾತ್ರಿ ವಾಟ್ಸಪ್‌ನಲ್ಲಿ ಬರುತ್ತದೆ, ಮುಂದಿನ ಮೀಲಾದ್‌ಗೆ ಯಾರಿಗೂ ನೆನಪಿರುವುದಿಲ್ಲ. ಬುರ್ದಾ ಮಾತ್ರ ಏಳು ಶತಮಾನ ದಾಟಿಯೂ ನಮ್ಮ ಪುಟ್ಟ ಮಕ್ಕಳ ಬಾಯಲ್ಲಿದೆ.

ಬರೆಯುವ ಮಕ್ಕಳೇ, ಬರೆದದ್ದನ್ನು ನಾಲ್ಕು ದಿನ ಇಟ್ಟು ಮತ್ತೆ ಓದಿ. ಸಂಶಯ ಬಂದ ಮಾತನ್ನು ಒಬ್ಬ ಆಲಿಮರಿಗೆ ತೋರಿಸಿ. ಸಾಲು ಸಿಗದಿದ್ದರೆ ಸ್ವಲಾತ್ ಹೇಳಿ ಕಾಯಿರಿ. ಮನೆಯ ಹಿರಿಯರಲ್ಲಿ ಒಂದು ವಿನಂತಿ: ಈ ಬಾರಿ ಮಕ್ಕಳಿಗೆ 160 ಬೈತ್‌ಗಳನ್ನೂ ಬಾಯಿಪಾಠ ಮಾಡಿಸಲು ಅವಸರ ಬೇಡ. ನಫ್ಸ್‌ನ ಬಗ್ಗೆ ಇರುವ ಎರಡನೇ ಫಸ್ಲ್ ಒಂದನ್ನೇ ಅರ್ಥ ಸಮೇತ ಕಲಿಸಿ. ಏನು ಹಾಡುತ್ತಿದ್ದೇವೆಂದು ಗೊತ್ತಿರುವ ಮಗು ನಾಳೆ ತಾನೂ ನಾಲ್ಕು ಒಳ್ಳೆಯ ಸಾಲು ಬರೆದೀತು, ಇನ್‌ಶಾ ಅಲ್ಲಾಹ್.